ಬಹಿರ್ಮುಖಿ ಬೋರೇಶ

ಮಾತಿನಲ್ಲಿ ಬೋರೇಶನನ್ನು ಸೋಲಿಸುವ ಗಂಡು ಸುತ್ತೇಳು ಹಳ್ಳಿಯಲ್ಲಿ ಹುಟ್ಟಿರಲಿಲ್ಲ. ಪೇಟೆಯ ಹತ್ತು ಬಾಯಿಗೆ ಅವನೊಬ್ಬನ ಬಾಯಿ ಸಾಕು. ಒಂದು ದಿನ ಶಾಲೆಯ ಮೇಷ್ಟ್ರು, "ನೀನು ಬಹಿರ್ಮುಖಿ ಕಣಯ್ಯ" ಅಂದರು.

"ಇದು ಬೈಗುಳವೋ ಬಿರುದೋ, ಮೇಷ್ಟ್ರೇ?"

"ಎರಡೂ ಅಲ್ಲ. ಸಂಸ್ಕೃತದಿಂದ ಬಂದ ಪದ. ಬಹಿಃ ಅಂದರೆ ಹೊರಗೆ. ಮುಖ ಅಂದರೆ ಮುಖವೇ. ಹೊರಗಿನವರ ಕಡೆ ಮುಖ ತಿರುಗಿಸಿದವನು. ಆದರೆ ಮುಖದಲ್ಲಿ ಬಾಯಿ ಒಂದೇ ಅಲ್ಲ ಇರೋದು..."

ಪೂರ್ತಿ ಕೇಳಲು ಬೋರೇಶನಿಗೆಲ್ಲಿ ಪುರುಸೊತ್ತು? ಬಿರುದು ಸಿಕ್ಕಿತಲ್ಲ! ಮೀಸೆ ತಿರುವಿಕೊಂಡು, ಮಗಳ ಮದುವೆಗೆ ಕರೆಯಲು ಪಕ್ಕದ ಹಳ್ಳಿಯ ಗೆಳೆಯ ಜವರಪ್ಪನ ಮನೆಗೆ ನಡೆದ. ತಾಯಿಯಿಲ್ಲದ ಬೋರೇಶನಿಗೆ ಮುದ್ದೆ ಮುರಿದು ಉಣ್ಣಿಸಿದವಳು ಜವರಪ್ಪನ ಅವ್ವ. ಮಗಳ ತಲೆಗೆ ಮೊದಲ ಅಕ್ಷತೆ ಅವಳೇ ಹಾಕಬೇಕೆಂಬುದು ಅವನ ಆಸೆ.

ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಬೋರೇಶ ನೋಡಲಿಲ್ಲ. ಜವರಪ್ಪನ ತಲೆ ನುಣ್ಣಗೆ ಬೋಳಾಗಿತ್ತು. ಅದನ್ನು ನೋಡಿದ, ಗಹಗಹಿಸಿ ನಕ್ಕ.

"ಏನ್ಲಾ ಜವರ, ತಿರುಪತೀಲಿ ಮುಡಿ ಕೊಟ್ಟು ಬಂದ್ಯಾ? ನಂಗೊಂದು ಮಾತು ಹೇಳ್ಬಾರ್ದಾ? ಲಾಡು ಎಲ್ಲಿ?"

"ಬೋರ, ಒಸಿ ಕೇಳು..."

"ಆಮೇಲೆ ಹೇಳುವೆಯಂತೆ ಇರ್ಲಾ!"

ಗಂಡಿನ ಮನೆ, ಚಪ್ಪರ, ಅಡುಗೆಯವರು, ಒಂದನ್ನೂ ಬಿಡದೆ ವರ್ಣಿಸಿದ. ಜವರಪ್ಪ ಬಾಯಿ ತೆರೆದಾಗಲೆಲ್ಲ ನಡುವೆ ತನ್ನ ಮಾತು ತುರುಕಿದ. ಕಡೆಗೆ ಎದ್ದು, ಒಳಮನೆಗೆ ಕೇಳುವಂತೆ ಕೂಗಿದ: "ಅವ್ವಾ, ಹೋಗ್ಬತ್ತೀನಿ!"

ಒಳಗಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಸಾವಾದ ಮನೆಯಲ್ಲಿ ಯಾರೂ ಹೋಗಿ ಬರುತ್ತೇನೆ ಅನ್ನುವುದಿಲ್ಲ.

ಜವರಪ್ಪ ಮೂಲೆಗೆ ಕೈ ತೋರಿದ. ಬರಿನೆಲದ ಮೇಲೆ ಒಂಟಿ ದೀಪ ಉರಿಯುತ್ತಿತ್ತು.

"ಅವ್ವ ಮೊನ್ನೆ ಹೋದ್ಲು ಕಣ್ಲಾ. ಹೇಳೋಕೆ ಬಂದೋರಿಗೆ ನೀನು ಊರಲ್ಲಿ ಸಿಗಲಿಲ್ಲ. ಕಾಯಿಲೆ ಬಿದ್ದು ಮಲಗಿದಾಗಿಂದ ಬೋರನ್ನ ಕರ್ಕೊಂಡು ಬಾ ಅಂತಲೇ ಇದ್ಲು. ಅದನ್ನ ಹೇಳೋಕೇ ಹೋದ ವಾರ ಸಂತೆಗೆ ನಿನ್ನ ಹುಡುಕ್ಕೊಂಡು ಬಂದಿದ್ದೆ. ನೀನು ಮಾತು ನಿಲ್ಲಿಸಲೇ ಇಲ್ಲ."

ಬೋರೇಶನಿಗೆ ನೆನಪಾಯಿತು. ಹೌದು, ಸಂತೆಯಲ್ಲೂ ಜವರಪ್ಪ "ಒಸಿ ಕೇಳು" ಅಂದಿದ್ದ! ದೀಪದ ಎದುರು ಕೂತ. ಗೆಳೆಯನ ಕಣ್ಣು ಅತ್ತು ಅತ್ತು ಊದಿದ್ದು ಆಗ ಕಂಡಿತು.

ಹೊತ್ತು ಮುಳುಗುವವರೆಗೂ ಜವರಪ್ಪ ಅವ್ವನ ಸುದ್ದಿ ಹೇಳಿದ. ಬೋರೇಶ ಕೇಳಿದ. ಆಮೇಲೆ ಎದ್ದು, ಬರುತ್ತೇನೆ ಎಂದೂ ಅನ್ನದೆ, ಹೊರಟ.

ನೀತಿ: ಹೊರಗಿನವರ ಕಡೆ ಮುಖ ತಿರುಗಿಸಿದರೆ ಸಾಲದು, ಅವರ ಮುಖ ನೋಡಬೇಕು, ಅವರ ಮಾತು ಕೇಳಬೇಕು. ಅಷ್ಟು ಮಾಡಿದವನೇ ನಿಜವಾದ ಬಹಿರ್ಮುಖಿ. ಉಳಿದವನು ಬರೀ ಬಾಯಿ.