ಎದುರಿಗೆ ಜೋಡಿ ಬೇಕಂದ ಹರಿಗೋಲು

ಹಿಂದಕ, ಭಾಳ ಹಿಂದಕ, ಹೊಳಿ ದಂಡಿಗೆ ಒಂದು ಊರಿತ್ತು. ಅದರ ಹೆಸರು ಕೇಳಬ್ಯಾಡ್ರಿ, ನಮ್ಮಜ್ಜಿಗೂ ನೆಪ್ಪಿದ್ದಿಲ್ಲ. ಆ ಊರಾಗ ಸಂಕವ್ವ ಅಂತ ಹರಿಗೋಲು ಹಾಕಾಕಿ ಒಬ್ಬಾಕಿ ಇದ್ದಳು. ಹುಟ್ಟಿದಾಗ ಅಂಬಿಗರ ಮನಿ ಗಂಡುಮಗ. ಆಮ್ಯಾಲೆ ಎಲ್ಲಮ್ಮ ಕರದಳು, ಮುತ್ತು ಕಟ್ಟಿಸಿಕೊಂಡು ಸೀರಿ ಉಟ್ಟು ಜೋಗಪ್ಪ ಆದಳು. ಆದರೂ ಕೈಯಾಗಿನ ಹುಟ್ಟು ಬಿಡಲಿಲ್ಲ. ಆಕಿ ಹುಟ್ಟು ಹಾಕಿದರ ನೀರು ಸಪ್ಪಳ ಮಾಡತಿರಲಿಲ್ಲಂತ. ಬೆಳಗಿನ ಮಂಜಿನಾಗ ಹರಿಗೋಲು ಕಾಣತಿರಲಿಲ್ಲಂತ, ಆಕಿ ಹಣಿಮ್ಯಾಲಿನ ಭಂಡಾರ ಅಷ್ಟ ಹೊಳಿಮ್ಯಾಲೆ ತೇಲಿಕೋತ ಹೋಗತಿತ್ತಂತ. ಹಂಗಂತ ಹೇಳತಾರ.

ಆಚಿ ದಂಡಿಗೆ ಒಂದು ದವಾಖಾನಿ, ಅಲ್ಲೊಬ್ಬಾಕಿ ಡಾಕ್ಟರಮ್ಮ. ಮಂದಿ ಬಾಯಿಬಿಟ್ಟು ಹೇಳಾಕ ನಾಚಿಕೊಳ್ಳೋ ಜಡ್ಡು ಇರತಾವಲ್ಲ, ಕೂಡಿ ಮಲಗಿದಾಗ ಒಬ್ಬರಿಂದ ಒಬ್ಬರಿಗೆ ಬರೋ ಜಡ್ಡು, ಅದಕ್ಕ ಔಷಧ ಆಕಿ ಕಡೆ ಇತ್ತು. ಇತ್ತು ಖರೇ, ಹೊಳಿ ದಾಟಬೇಕಲ್ಲ. ದಂಡಿ ತುಂಬ ಅರಿವಿ ಒಗಿಯೋರು, ಎಮ್ಮಿ ಮೈ ತೊಳಿಯೋರು. ಎಲ್ಲಾರದೂ ಒಂದ ಮಾತು, ಎಲ್ಲಿಗೆ ಹೊಂಟಿ? ಸಂಕವ್ವ ಒಬ್ಬಾಕಿ ಕೇಳತಿರಲಿಲ್ಲ. ಅದಕ್ಕ ಗಂಡಸಿನ ಮ್ಯಾಲೆ ಮನಸಿಟ್ಟ ಗಂಡಸರು, ಹೆಂಗಸಿನ ಮ್ಯಾಲೆ ಮನಸಿಟ್ಟ ಹೆಂಗಸರು, ಆಕಿ ಓರಗಿ ಜೋಗಪ್ಪಗಳು, ಎಲ್ಲಾರೂ ಆಕಿ ಹರಿಗೋಲೇ ಹತ್ತತಿದ್ದರು.

ಅವರಾಗ ಬೀರಪ್ಪ ಒಬ್ಬ, ಕಂಬಳಿ ನೇಯಾಂವ. ಅವನಿಗೆ ಹುಸೇನಿ ಅಂದರ ಜೀವ. ಹುಸೇನಿ ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಚ್ಚಾಂವ. ಬಂದರ ಬೀರಪ್ಪನ ಮಗ್ಗದ ಮನ್ಯಾಗ ಇರತಿದ್ದ, ಹೋದರ ಮನಿ ಬಿಕೋ ಅಂತಿತ್ತು.

ಒಂದು ಸಲ ಬೀರಪ್ಪಗ ಹುಣ್ಣಾತು. ಆಗಬಾರದ ಜಾಗಾದಾಗ ಆತು. ನೋವಿಲ್ಲದ ಹುಣ್ಣು, ತಾನ ಮಾಯವೂ ಆತು. ತಾಯಿ ದಯಾ ಅಂತ ಸುಮ್ಮನಾದ. ಆಮ್ಯಾಲೆ ಅಂಗೈ ಅಂಗಾಲಿಗೆ ಕೆಂಪು ಚುಕ್ಕಿ ಎದ್ದುವು. ಅಂಜಿ ಹೊಳಿ ದಾಟಿದ. ಹುಣ್ಣು ಮಾಯೋದು ಬ್ಯಾರೆ, ಜಡ್ಡು ಹೋಗೋದು ಬ್ಯಾರೆ ಅಂದಳಂತ ಡಾಕ್ಟರಮ್ಮ. ಸೂಜಿ ಹಾಕಿ, ನಿನ್ನ ಜೋಡಿಯನ್ನೂ ಕರಕೊಂಡು ಬಾ ಅಂದಳು. ಇಂವ ಹೂಂ ಅಂದ. ಹೂಂ ಅನ್ನಾಕ ಏನು ತ್ರಾಸು ಹೇಳ್ರಿ? ಮನಿಗೆ ಬಂದು ಬಾಯಿಗೆ ಬೀಗ ಹಾಕ್ಕೊಂಡ. ನನ್ನ ಮ್ಯಾಲೆ ಅನುಮಾನ ಪಟ್ಟಿ ಅಂತ ಹುಸೇನಿ ಸಿಟ್ಟಾಗಿ ಹೋಗಿಬಿಟ್ಟರ? ಇದೊಂದ ಅಂಜಿಕಿ ಅವನ ಎದ್ಯಾಗ ಕುಂತಿತ್ತು. ಹುಸೇನಿ ಮತ್ತ ಬಂದ, ಜಡ್ಡೂ ಮತ್ತ ಬಂತು.

ಬೀರಪ್ಪ ಮತ್ತ ದವಾಖಾನಿಗೆ ಅಂತ ಬಂದು ಹತ್ತಿದ, ಈ ಸಲ ಸಂಕವ್ವ ಹರಿಗೋಲು ಬಿಡಲಿಲ್ಲ. ಒಬ್ಬನ್ನ ಕುಂದ್ರಿಸಿಕೊಂಡರ ವಾಲತೈತಿ, ಎದುರಿಗೆ ಜೋಡಿ ಬೇಕು ಅಂದಳಂತ. ಬೀರಪ್ಪ ಭಾಳ ಶಾಣ್ಯಾ ನೋಡ್ರಿ, ಓಡಿಹೋಗಿ ಜೋಳದ ಚೀಲ ಹೊತ್ತು ತಂದು ಎದುರಿಗೆ ಇಟ್ಟ. ಸಂಕವ್ವ ಚೀಲ ನೋಡಿದಳು, ಅವನ್ನ ನೋಡಿದಳು.

“ಯಪ್ಪಾ ಬೀರಾ, ಈ ಚೀಲದ ಜೋಡಿ ಮಲಗಿದ್ದೇನು?” ಅಂದಳು.

ಅರಿವಿ ಒಗಿಯೋರು ನಕ್ಕರು. ಆಕಿ ನಗಲಿಲ್ಲ. ದನಿ ಇಳಿಸಿ ಹೇಳಿದಳಂತ, ಜಡ್ಡು ನಿನಗ ಹೋಗಿ ಅವನಿಗೆ ಉಳಿದರ ಅದು ತಿರುಗಿ ನಿನ್ನ ಮನಿಗೇ ಬರತೈತಿ. ಅವನ ಮೈಮ್ಯಾಲೆ ಏನೂ ಕಾಣಲಿಕ್ಕಿಲ್ಲ, ಆದರೂ ಒಳಗೊಳಗ ಇದ್ದು ಮುಂದ ಕಣ್ಣು ಕಳೀತೈತಿ, ಬುದ್ಧಿ ಕಳೀತೈತಿ. ಯಾರಿಂದ ಬಂತು ಅಂತ ಪಂಚಾಯ್ತಿ ಮಾಡಬ್ಯಾಡ, ಇಬ್ಬರೂ ಬರ್ರಿ ಸಾಕು. ಹೊತ್ತು ಏರೋತನ ಕಾಯತೀನಿ, ಬರಲಿಲ್ಲಂದರ ನಿನ್ನೊಬ್ಬನ್ನಾದರೂ ದಾಟಸ್ತೀನಿ, ಬಿಟ್ಟುಹೋಗಾಕಿ ಅಲ್ಲ ನಾ ಅಂದಳು.

ಅದ ಹೊತ್ತಿಗೆ ಹುಸೇನಿ ಕಲಾಯಿ ಬೆಂಕಿ ಊದೋ ತಿದಿ ಹೆಗಲಿಗೆ ಹಾಕ್ಕೊಂಡು ದಂಡಿಗುಂಟ ಬ್ಯಾರೆ ಊರಿಗೆ ಹೊಂಟಿದ್ದ. ಹೋದರ ಮುಂದಿನ ಸುಗ್ಗಿಗೇ ಬರಾಂವ. ಮಂಜು ಅವನ್ನ ಕಾಲಿಂದ ಮ್ಯಾಲಕ ಒಂದೀಟೊಂದೀಟ ನುಂಗತಿತ್ತು. ಮನಿ ಒಳಗ ಅಲ್ಲದ ಹೊರಗ ಆ ಹೆಸರು ಬೀರಪ್ಪ ಎಂದೂ ಕರದಾಂವ ಅಲ್ಲ. ಹರಿಗೋಲಿನಾಗ ಎದ್ದು ನಿಂತ. ಹುಸೇನಿ, ನನಗ ಜಡ್ಡು ಬಂದೈತಿ, ನೀನೂ ಬಾ, ಅಂತ ಊರ ಮಂದಿ ಮುಂದ ಕೂಗಿದ.

ಹೊಳಿ ಹರಿಯೋದು ನಿಂತಿತಂತ. ಅದನ್ನ ನಾ ನಂಬಂಗಿಲ್ಲ ಬಿಡ್ರಿ, ಅರಿವಿ ಒಗಿಯೋದು ನಿಂತಿದ್ದು ನಂಬತೀನಿ.

ಮಂಜಿನಾಗಿಂದ ಹುಸೇನಿ ತಿರುಗಿ ಬಂದ. ತಿದಿ ಇಳಿಸಿ ಬೀರಪ್ಪನ ಎದುರಿಗೆ ಕುಂತ. ನನಗೂ ಹೋದ ವರ್ಷ ಅಂಥಾದ್ದ ಹುಣ್ಣಾಗಿ ಮಾದಿತ್ತು, ಹೇಳಿದರ ನೀ ಬಾಗಲಾ ಹಾಕ್ಕೊಂಡೀ ಅಂತ ಅಂಜಿದ್ದೆ ಅಂದ. ಬೀರಪ್ಪಗ ಅಳು ಬಂತು. ಸಂಕವ್ವ ಚೀಲ ದಂಡಿಗೆ ಎಸದು ಹುಟ್ಟು ಹಾಕಿದಳು.

ಡಾಕ್ಟರಮ್ಮ ಇಬ್ಬರ ರಕ್ತ ನೋಡಿ ಇಬ್ಬರಿಗೂ ಔಷಧ ಕೊಟ್ಟಳು. ಪೂರಾ ವಾಸಿ ಆಗೋತನ ಕೂಡಬ್ಯಾಡ್ರಿ, ಆಮ್ಯಾಲೆ ನಿರೋಧ ಬಿಡಬ್ಯಾಡ್ರಿ, ಏನೂ ಇಲ್ಲ ಅನಿಸಿದರೂ ಆಗಾಗ ಬಂದು ತೋರಿಸಿಕೊಂಡು ಹೋಗ್ರಿ ಅಂದಳು. ಇಬ್ಬರೂ ಕೇಳಿದರು, ಜಡ್ಡು ಮತ್ತ ಆ ಮನಿಗೆ ಬರಲಿಲ್ಲ. ಹುಸೇನಿ ಮಾತ್ರ ಬಂದುಕೋತ ಇದ್ದ.

ಸಂಕವ್ವ ಸಾಯಲಿಲ್ಲಂತ, ಮಂಜಿನಾಗ ಹೋದಾಕಿ ಬರಲಿಲ್ಲಂತ ಹೇಳತಾರ. ಈಗ ಹೊಳಿಗೆ ಸೇತುವೆ ಆಗೈತಿ. ಆದರೂ ಇಂಥಾ ಜಡ್ಡಿಗೆ ದವಾಖಾನಿಗೆ ಹೋಗೋರು ಸೇತುವೆ ನಡುವ ನಿಂತು ತಮ್ಮವರ ಹೆಸರು ಒಂದು ಸಲ ಕರೀತಾರ. ಗಂಡಸಿರಲಿ ಹೆಂಗಸಿರಲಿ ಜೋಗಪ್ಪ ಇರಲಿ, ಯಾರು ಯಾರನ್ನ ಕರದರೂ ಕೆಳಗ ಅರಿವಿ ಒಗಿಯೋರು ಯಾಕಂತ ಕೇಳಂಗಿಲ್ಲ. ಕೈ ಒರಸಿಕೊಂಡು ಆ ಮನಿಗೆ ಹೋಗಿ, ನಿನ್ನ ಕರದಾರ, ಹೋಗು ಅಂತಾರ. ಅವರು ಹೋಗತಾರ.