ಬಂಡಿ ಹತ್ತಿದ ಮಂಟಪ

ಕೆಂಗಾಳಿಹಟ್ಟಿಯ ಕಣಿವೆಯ ಬಾಯಲ್ಲಿ ಕಲ್ಲಿನ ಮಂಟಪವೊಂದಿದೆ. ಗಾಳಿ ಅಲ್ಲಿ ಒಂದು ಗಳಿಗೆಯೂ ಸುಮ್ಮನಿರದು. ಪಕ್ಕದ ಬಂಡೆಯೇರಿ ನೋಡಿದರೆ ಮಂಟಪದ ಮಾಡಿನ ಮೇಲೆ ಉದ್ದಕ್ಕೂ ಬಂಡಿಗಾಲಿಯ ಜಾಡು! ಬಂಡಿ ಅಲ್ಲಿಗೆ ಹೇಗೆ ಹತ್ತಿತೆಂದು ಕೇಳದವರಿಲ್ಲ. ಬಂಡಿ ಎಲ್ಲಿಂದ ಹತ್ತೀತು, ದಾರಿಯೇ ಹತ್ತಿತು ಎನ್ನುತ್ತಾರೆ ಹಿರಿಯರು.

ಹಿಂದೆ ಒಮ್ಮೆ, ಪಾಳೆಗಾರರ ಕಾಲದಲ್ಲಿ, ಈ ಕಣಿವೆಗೆ ಚಪ್ಪಡಿ ಹಾಸಿದ ದಾರಿಯಿತ್ತಂತೆ. ಅದನ್ನು ಹಾಸುವಾಗ ಒಡ್ಡರ ಗಿರಿಯೋಬ ಒಂದು ಚಪ್ಪಡಿಯಡಿ ಸಿಕ್ಕಿ ಸತ್ತ. ಅದೇ ಚಪ್ಪಡಿಯನ್ನು ತೊಳೆದು ದಾರಿಗೆ ಹಾಸಿದರು. ಅವನ ಹೆಂಡತಿ ಬಾಲಕ್ಕ ಇಪ್ಪತ್ತು ವರ್ಷ ದಿನವೂ ಹೋಗಿ ಆ ಕಲ್ಲು ಮುಟ್ಟಿ ಬರುತ್ತಿದ್ದಳು. ಅಷ್ಟರಲ್ಲಿ ಅದಿರು ಹೇರಿದ ಬಂಡಿಗಳು ಓಡಾಡಿ ಕಲ್ಲುಗಳಲ್ಲಿ ಬೆರಳು ಮುಳುಗುವಷ್ಟು ಜಾಡು ಬಿದ್ದಿತ್ತು. ಒಂದು ಬೇಸಿಗೆ ಹಗೆಯ ದಂಡು ಬರುವ ಸುದ್ದಿ ಹಬ್ಬಿತು. ದಾರಿ ಕಿತ್ತು ಕಲ್ಲನ್ನೆಲ್ಲ ಕಮರಿಗೆ ತಳ್ಳಿರೆಂದು ಪಾಳೆಗಾರನ ಅಪ್ಪಣೆಯಾಯಿತು. ಬಾಲಕ್ಕ ಓಡಿಹೋಗಿ, ಅಪ್ಪಣೆ ನಡೆಸಲು ಬಂದ ಪಾರುಪತ್ಯಗಾರನ ಮುಂದೆ ನಿಂತಳು.

“ಒಂದೇ ಒಂದು ಕಲ್ಲು ಬಿಡಿ ಬುದ್ಧಿ.”

“ಬಿಟ್ಟ ಕಲ್ಲನ್ನ ಹಗೆಯೋರು ಮತ್ತೆ ಹಾಸ್ಕೋತಾರೆ. ಯಾವುದಾದ್ರೂ ಕಟ್ಟಡಕ್ಕೆ ಸೇರಿಸಿದ್ರೆ ಮಾತ್ರ ಬಿಡ್ತೀನಿ. ಮುಂಗಾರು ಬೀಳೋದ್ರೊಳಗೆ ಮುಗಿಸು, ಉಳಿದದ್ದು ಕಮರಿಗೆ” ಎಂದ ಆತ.

ಒಂದು ಕಲ್ಲಿಗಾಗಿ ಒಂದು ಮಂಟಪ! ಹುಚ್ಚಿಯೆಂದರು ಜನ. ಬಂಧುಬಳಗದ ಒಡ್ಡರಷ್ಟೇ ಹೆಗಲು ಕೊಟ್ಟರು. ದಾರಿಯಿಂದ ಕಿತ್ತ ಕಲ್ಲುಗಳಲ್ಲಿ ಸಪಾಟಾದವು ಗೋಡೆಗೆ ಹೋದವು, ಜಾಡು ಬಿದ್ದವನ್ನು ಮಾಡಿಗೇರಿಸತೊಡಗಿದಳು. ಹಟ್ಟಿಯ ಗೌಡ ಕಿಡಿಯಾದ. “ಊರೆಲ್ಲ ತುಳಿದ ಕಲ್ಲನ್ನ ನೆತ್ತಿ ಮೇಲೆ ಇಡ್ತೀಯೇನಮ್ಮ? ಅದರಡಿ ಯಾರೂ ಕಾಲಿಡಲ್ಲ.”

“ತುಳಿದೋರು ನಾವು ಗೌಡ್ರೇ, ಹೊತ್ತಿದ್ದು ಅದು. ಕೆಟ್ಟಿದ್ದು ಯಾರು ಹಾಗಾದ್ರೆ?”

ಜಾಡಿಗೆ ಜಾಡು ಕೂಡಿಸದಿದ್ದರೆ ಮಾಡು ಸೋರುವುದು ಖಂಡಿತ. ಬಾಲಕ್ಕ ಒಂದೊಂದನ್ನೂ ಹತ್ತು ಸಲ ತಿರುಗಿಸಿ, ಕಣಿವೆಯ ಕಡೆ ಇಳಿಜಾರು ಕೊಟ್ಟು ಜೋಡಿಸಿದಳು. ಕಡೆಗೆ ಉಳಿದದ್ದು ಗಂಡನ ಕಲ್ಲು. ಮೂಲೆ ಮುರಿದಿತ್ತು, ಎಲ್ಲಿಟ್ಟರೂ ಕೂರಲಿಲ್ಲ. ಮೋಡ ಗುಡುಗುತ್ತಿತ್ತು, ಪಾರುಪತ್ಯಗಾರನ ಆಳುಗಳು ಹಾರೆ ಹಿಡಿದು ಕೆಳಗೆ ಕಾಯುತ್ತಿದ್ದರು. “ಅಯ್ಯೋ, ಇವನೊಬ್ಬನಿಗೇ ಜಾಗವಿಲ್ಲವಲ್ಲ!” ಎಂದು ಅಳುತ್ತ, ಮಾಡಿನ ತುದಿಯಲ್ಲಿ ಗೋಡೆಯಾಚೆಗೆ ಮೊಳದಷ್ಟು ಚಾಚಿ ಇಟ್ಟು, ಹಿಂಭಾಗಕ್ಕೆ ಭಾರ ಹೇರಿಸಿದಳು.

ಆ ಸಂಜೆಯೇ ಮಳೆ ಸುರಿಯಿತು. ನೀರೆಲ್ಲ ಜಾಡು ಹಿಡಿದು ಓಡಿಬಂದು, ಚಾಚಿದ ಕಲ್ಲಿನಿಂದ ಧೋ ಎಂದು ಬಿತ್ತು. ಬಾವಿ ಬತ್ತಿ ತಿಂಗಳಾಗಿದ್ದ ಹಟ್ಟಿ ಕೊಡ ಹಿಡಿದು ಓಡಿತು. ಬಾಲಕ್ಕ ನೆನೆಯುತ್ತಲೇ ನಕ್ಕಳಂತೆ: “ಸತ್ತೋರಿಗೆ ಬದುಕಿರೋರು ನೀರು ಬಿಡ್ತಾರೆ. ನನ್ನ ಗಂಡ ನೋಡಿ, ನಮಗೇ ಬಿಡ್ತಾ ಅವ್ನೆ!”

ಇಂದಿಗೂ ಮೊದಲ ಮಳೆಗೆ ಹಟ್ಟಿಯವರು ಅಲ್ಲಿ ಸೇರುವುದನ್ನು ನೋಡಬಹುದು. ಗಂಡನನ್ನು ಕಳೆದುಕೊಂಡ ಹೆಂಗಸರು ಆ ಕಲ್ಲಿನಡಿ ಮೊದಲು ಬೊಗಸೆಯೊಡ್ಡುತ್ತಾರೆ. ಗೌಡರ ಮನೆಯವರು ಕೊಡ ಹಿಡಿದು ಅವರ ಹಿಂದೆ ನಿಲ್ಲುತ್ತಾರೆ.