ಕುಂಡೆಕುಸ್ಕನ ಬಾಲಕ್ಕೆ ಸುಣ್ಣ ಹತ್ತಿದ್ದು

ಲೋಕವನ್ನು ಆಗಷ್ಟೇ ಮಾಡಿ ಮುಗಿಸಿದ್ದರು, ಬಳಿದ ಬಣ್ಣ ಇನ್ನೂ ಆರಿರಲಿಲ್ಲ. ಆ ಕಾಲದಲ್ಲಿ ಪುಟ್ಟ ಕುಂಡೆಕುಸ್ಕ ಹಕ್ಕಿಯ ಬಾಲ ಪೂರ್ತಿ ಕಪ್ಪು. ಅದು ಅಲ್ಲಾಡದೆ ಸುಮ್ಮನೆ ಇರುತ್ತಿತ್ತು. ನಂಬುವುದು ಕಷ್ಟ, ಆದರೂ ನಂಬು ಮಗಾ.

ಕಡಲಿನ ನಡುವೆ ಒಂದು ನಡುಗಡ್ಡೆ. ಒಂದು ಮರವನ್ನೂ ನಿಲ್ಲಗೊಡದಂಥ ಗಾಳಿ ಅಲ್ಲಿ. ಹೊನ್ನಿ ಎಂಬಾಕೆ ಅಲ್ಲಿದ್ದಳು. ಅವಳ ಗಂಡ ಜಟ್ಟಿ ದಿನವೂ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ದಡದ ಸುತ್ತ ನೀರಿನಲ್ಲಿ ಕರಿಬಂಡೆಗಳು. ದೋಣಿ ನುಗ್ಗಲು ದಾರಿ ಇದ್ದದ್ದು ಒಂದೇ ಒಂದು ಬಂಡೆಯ ಮಗ್ಗುಲಲ್ಲಿ. ಹೊನ್ನಿ ಚಿಪ್ಪು ಸುಟ್ಟು ಸುಣ್ಣ ಮಾಡಿ, ನೀರು ಇಳಿದಾಗ ನಡೆದುಹೋಗಿ ಆ ಬಂಡೆಗೆ ಬಳಿದು ಬರುತ್ತಿದ್ದಳು. ಬಿಳಿ ಬಂಡೆ ಕಂಡರೆ ಜಟ್ಟಿ ಮನೆಗೆ ಬಂದ ಹಾಗೆ.

ಮಳೆಗಾಲ ಮುಗಿಯಿತು. ಬಡಗಣ ದೇಶದಲ್ಲಿ ಚಳಿ ಹುಟ್ಟಿತು. ಹಕ್ಕಿಗಳು ಮೊದಲ ಸಲ ತೆಂಕಣಕ್ಕೆ ಹೊರಟವು. ಗೊರವ ಬಂತು, ಬಾತು ಬಂತು, ಕಡಲಕ್ಕಿ ಬಂತು, ಕೊನೆಗೆ ಕುಂಡೆಕುಸ್ಕವೂ ಬಂತು. ರೆಕ್ಕೆ ಸೋತಿದ್ದವು, ಕಂಡ ಕಂಡ ಬಂಡೆಯ ಮೇಲೆ ಕೂತವು. ಕೂತ ಹಕ್ಕಿ ಏನು ಮಾಡುತ್ತದೆ? ಹಿಕ್ಕೆ ಹಾಕುತ್ತದೆ. ಸಂಜೆಯೊಳಗೆ ಎಲ್ಲ ಬಂಡೆಗಳೂ ಬೆಳ್ಳಗಾದವು.

ಆಗ ಗಾಳಿ ಎದ್ದಿತು, ನೀರೂ ಏರಿತು. ದೂರದಲ್ಲಿ ಜಟ್ಟಿಯ ದೋಣಿ ಒಮ್ಮೆ ಈ ಬಂಡೆಯತ್ತ, ಒಮ್ಮೆ ಆ ಬಂಡೆಯತ್ತ ತಿರುಗತೊಡಗಿತು. ಹೊನ್ನಿ ದಡಕ್ಕೆ ಓಡಿದಳು.

"ದಣಿದು ಬಂದವರು, ಕೂತ್ಕಳ್ಳಿ ಅಂತ ನಾನೇ ಅಂದೆ," ಎಂದಳು ಹಕ್ಕಿಗಳಿಗೆ. "ಈಗ ಅವ್ರು ಯಾವ ಬಂಡೆ ನೋಡ್ಕಂಡು ಬರೂದು?"

ಗೊರವ ತಲೆ ತಗ್ಗಿಸಿತು. ಕಡಲಕ್ಕಿ ಅದು ತನ್ನದಲ್ಲ ಎಂದಿತು. ಬಾತು, ಎಲ್ಲರೂ ಹಾಕಿದ್ದಲ್ಲವೇ ಎಂದಿತು.

ಕುಂಡೆಕುಸ್ಕ ಮಾತ್ರ ಸುಣ್ಣದ ಮಡಕೆಯ ಹತ್ತಿರ ನಡೆದು ಬಂದಿತು. ಸುಮ್ಮನೆ ನಿಂತ ಬಿಳುಪು ಎಲ್ಲ ಕಡೆ ಇದೆ, ಅಲ್ಲಾಡುವ ಬಿಳುಪು ಒಂದೇ ಕಡೆ ಇದ್ದರೆ ಗುರುತು ಸಿಕ್ಕೀತು ಎಂದಿತು. ಬಾಲದ ಎರಡು ಅಂಚನ್ನೂ ಸುಣ್ಣದಲ್ಲಿ ಅದ್ದಿ, ಹಾರಿಹೋಗಿ, ದಾರಿಯ ಬಂಡೆಯ ನೆತ್ತಿಯಲ್ಲಿ ನಿಂತಿತು. ಬಾಲ ಎತ್ತಿತು, ಇಳಿಸಿತು. ಎತ್ತಿತು, ಇಳಿಸಿತು.

ಇಷ್ಟು ಚಿಕ್ಕ ಬಾಲ ಯಾರ ಕಣ್ಣಿಗೆ ಕಾಣುತ್ತದೆ ಎಂದು ಗಾಳಿ ನಕ್ಕಿತು.

"ಕಾಣೂವರೆಗೂ ಆಡಿಸ್ತೇನೆ," ಎಂದಿತು ಹಕ್ಕಿ.

ಗಾಳಿ ನೂಕಿತು. ಹಕ್ಕಿ ಉಗುರು ಊರಿ ನಿಂತು ಬಾಲ ಆಡಿಸಿತು. ತೆರೆ ಬಡಿಯಿತು. ಒದ್ದೆಯಾಗಿಯೇ ಆಡಿಸಿತು. ಗಾಳಿ ಬಂದಾಗ ತೂರಿಕೊಳ್ಳಬೇಕು, ತೆಂಕಣಕ್ಕೆ ಒಳ್ಳೆ ಗಾಳಿ ಇದೆ, ಹೊರಡೋಣ ಬಾ ಎಂದು ಉಳಿದ ಹಕ್ಕಿಗಳು ಕರೆದವು. ಅದು ತಿರುಗಿಯೂ ನೋಡಲಿಲ್ಲ. ಅವು ಹೊರಟುಹೋದವು. ಹೆದರಿಕೆ ಆಗಿತ್ತು, ಆದರೂ ಆಡಿಸಿತು.

ದೋಣಿಯಲ್ಲಿ ಜಟ್ಟಿ ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟು ಬಿಳುಪಿನ ನಡುವೆ ಒಂದು ಚೂರು ಮಾತ್ರ ಏಳುತ್ತಿತ್ತು, ಬೀಳುತ್ತಿತ್ತು. ಅವನು ಚುಕ್ಕಾಣಿ ತಿರುಗಿಸಿದ. ದೋಣಿ ಬಂಡೆಯ ಮಗ್ಗುಲಲ್ಲೇ ನುಗ್ಗಿ ಮರಳಿಗೆ ತಾಗಿತು. ಹೊನ್ನಿ ಸೊಂಟದವರೆಗಿನ ನೀರಿಗೆ ಇಳಿದು ಹಗ್ಗ ಹಿಡಿದುಕೊಂಡು ಅತ್ತಳು.

"ಅವ್ರು ಬಂದ್ರು. ಸಾಕು, ಇನ್ನು ನಿಲ್ಸು ಮಾರಾಯ್ತಿ," ಎಂದಳು.

ಹಕ್ಕಿ ಕತ್ತಲಾಗುತ್ತಿದ್ದ ಕಡಲನ್ನು ನೋಡಿತು. "ಇನ್ನೂ ಯಾರಾದ್ರೂ ಇದ್ರೆ?" ಎಂದಿತು.

ಇವತ್ತು ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದಿತ್ತಲ್ಲ ಮಗಾ, ಬಾಲದ ಎರಡಂಚಿಗೂ ಸುಣ್ಣ ಹತ್ತಿದ ಆ ಪುಟ್ಟ ಹಕ್ಕಿ, ನೀನು ನೋಡಿ ನಕ್ಕೆಯಲ್ಲ, ಅದು ದಸರೆ ಕಳೆದು ಬಂದಾಗಿನಿಂದ ತಿರುಗಿ ಹೋಗುವವರೆಗೂ ಬಾಲ ಆಡಿಸುತ್ತಲೇ ಇರುವುದು, ಕಡಲಿನಿಂದ ಇನ್ನೂ ಬರಬೇಕಾದವರಿಗಾಗಿ.